ಅಣ್ಣ ನೇಯ್ದ ನಾಲ್ಕು ನೂರು ಚೀಲ

ಜಮಖಂಡಿಯಲ್ಲಿ ನಮ್ಮ ಹೊಸ ಮನೆಯ ವಾಸ್ತುಶಾಂತಿಗೆ ಬಂದವರೆಲ್ಲ ಊಟ ಚೆನ್ನಾಗಿತ್ತು ಎಂದೇ ಹೋದರು. ಪುಟ್ಟ ಪುಟ್ಟ ನೀರಿನ ಬಾಟಲಿ, ಉಂಡು ಎಸೆಯುವ ತಟ್ಟೆ, ಕುಡಿದು ಎಸೆಯುವ ಲೋಟ, ಹೋಗುವಾಗ ಕೈಗೆ ತೆಂಗಿನಕಾಯಿಯ ಚೀಲ. ಯಾವುದಕ್ಕೂ ಕಡಿಮೆ ಮಾಡಿರಲಿಲ್ಲ. ತಿಂಗಳೊಳಗೆ ದೊಡ್ಡ ಮಳೆ ಬಂತು. ಬೆಳಿಗ್ಗೆ ಬಾಗಿಲು ತೆಗೆದರೆ ಗಟಾರ ಕಟ್ಟಿಕೊಂಡು ನೀರು ಮೆಟ್ಟಿಲ ತನಕ ಏರಿತ್ತು. ನೀರಿನ ಮೇಲೆ ನಮ್ಮದೇ ಲೋಟ, ನಮ್ಮದೇ ಬಾಟಲಿ, ಮತ್ತೆ ನಮ್ಮ ಮನೆತನದ ಹೆಸರನ್ನು ಕೆಂಪಗೆ ಅಚ್ಚು ಹಾಕಿಸಿದ ತೆಳು ಪ್ಲಾಸ್ಟಿಕ್ ಚೀಲ. ಹೆಸರು ಒಂದಿಷ್ಟೂ ಮಾಸಿರಲಿಲ್ಲ. ನಾನು ಹೊಸ್ತಿಲ ಮೇಲೆ ನಿಂತೇ ಇದ್ದೆ, ಕಾಲು ಕೆಳಗಿಡಲು ಧೈರ್ಯ ಬರಲಿಲ್ಲ. ಎಸೆದದ್ದು ಎಲ್ಲಿಗೋ ಹೋಗುತ್ತದೆ ಎಂದು ನಲವತ್ತಾರು ವರ್ಷ ನಂಬಿದ್ದೆನಲ್ಲ, ಅದು ಎಲ್ಲಿಗೂ ಹೋಗಿರಲಿಲ್ಲ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುವವಳು. ಕಸದ ಪಾಠ, ನೀರಿನ ಪಾಠ, ದಾರ ಸುಟ್ಟು ತೋರಿಸುವ ಪಾಠ, ಎಲ್ಲ ಬಾಯಿಪಾಠ. ಆವತ್ತು ನಾಚಿಕೆಯಿಂದ ಶಾಲೆಗೆ ರಜೆ ಹಾಕಿ ಗಟಾರದ ಕಸ ಬಳಿದೆ. ಮಗಳ ಮದುವೆ ಬಂದರೆ ನಮ್ಮ ಮನೆಯಿಂದ ಒಂದು ಚೂರು ಪ್ಲಾಸ್ಟಿಕ್ ಹೊರಗೆ ಹೋಗಬಾರದು ಎಂದು ಅಲ್ಲೇ ಆಣೆ ಮಾಡಿದೆ.

ಎರಡು ವರ್ಷಕ್ಕೆ ಮದುವೆ ಬಂತು. ವರನ ಮನೆ ಮುಧೋಳ, ಕಾರ್ಯ ನಮ್ಮೂರ ಮಂಟಪದಲ್ಲಿ. ನಾನು ನೋಟ್‌ಬುಕ್ಕು ಹಿಡಿದು ಕೂತೆ. ನೀರಿಗೆ ತಾಮ್ರದ ಹಂಡೆ, ಬಾಡಿಗೆ ಸ್ಟೀಲ್ ಲೋಟ, ಊಟಕ್ಕೆ ಬಾಳೆ ಎಲೆ, ತೋರಣಕ್ಕೆ ಚೆಂಡು ಹೂವು. ಫ್ಲೆಕ್ಸ್ ಬೇಡ, ಥರ್ಮೋಕೋಲ್ ಮಂಟಪ ಬೇಡ, ಡಿಜೆ ಬದಲು ಸನಾದಿ-ಹಲಗೆ. ಎಂಜಲೆಲೆಯನ್ನು ಗೊಬ್ಬರಕ್ಕೆ ಒಯ್ಯಲು ಸಾವಳಗಿಯ ರೈತರೊಬ್ಬರು ಟ್ರ್ಯಾಕ್ಟರ್ ತರಲು ಒಪ್ಪಿದರು. ಕಾಯಿ-ಎಲೆ-ಅಡಿಕೆ ಕೊಡಲು ಬಟ್ಟೆಯ ಚೀಲ. ನಮ್ಮ ಮನೆಯವರು ಎಲ್ಲಕ್ಕೂ ಹೂಂ ಎಂದರು. ಅವರು ಮೊದಲಿಂದಲೂ ಹೂಂ ಎನ್ನುವ ಮನುಷ್ಯ.

ಉಳಿದವರು ಹೂಂ ಅನ್ನಲಿಲ್ಲ. ಬೀಳಗಿಯಿಂದ ಬಂದ ನಾದಿನಿ ಒಂದು ಡಬ್ಬಿ ತುಂಬ ಪ್ಲಾಸ್ಟಿಕ್ ಗುಲಾಬಿ ತಂದಿದ್ದಳು, ತೊಟ್ಟಿಲಿಗೆ ಕಟ್ಟಿದಂತೆ ಮಂಟಪಕ್ಕೆಲ್ಲ ಕಟ್ಟುತ್ತೇನೆ ಎಂದು. ನಾನು ಡಬ್ಬಿಯನ್ನು ತೆರೆಯಲೂ ಬಿಡಲಿಲ್ಲ. ಬೀಗರು ಸ್ವಾಗತದ ಫ್ಲೆಕ್ಸ್ ಮಾಡಿಸಿದ್ದರು, ಅದನ್ನೂ ಫೋನಿನಲ್ಲೇ ವಾಪಸು ಕಳಿಸಿದೆ. ನನ್ನ ಮಾತು ಆ ದಿನಗಳಲ್ಲಿ ಸ್ವಲ್ಪ ಖಾರವಾಗಿಯೇ ಇತ್ತು, ಒಪ್ಪುತ್ತೇನೆ. ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂಬ ಸೊಕ್ಕಿನಷ್ಟು ಕೆಟ್ಟ ಸೊಕ್ಕು ಇನ್ನೊಂದಿಲ್ಲ.

ನನ್ನ ಮಾತಿಗೆ ಕುಣಿಯುತ್ತ ಬಂದವನು ಬನಹಟ್ಟಿಯ ಅಣ್ಣ ಒಬ್ಬನೇ. ನಮ್ಮದು ನೇಕಾರರ ಮನೆ. ಅಪ್ಪನ ಕಾಲದಿಂದ ಮನೆಯ ಹಿಂದಿನ ಖೋಲಿಯಲ್ಲಿ ಮಗ್ಗ, ಈಗ ಅಣ್ಣನ ನಾಲ್ಕು ಪವರ್‌ಲೂಮು. "ಚೀಲ ನಂದು. ಸ್ವಾದರಮಾವನ ಆಹೇರಿ ಅಂತ ತಿಳಕೋ. ನೀ ಚಿಂತಿ ಬಿಡ," ಎಂದ. ಆ ಉಡುಗೊರೆಗೆಂದೇ ಒಂದು ಮಗ್ಗವನ್ನು ವಾರವಿಡೀ ಬಿಟ್ಟು ನೇಯ್ದ. ಅವನ ಹೆಂಡತಿ, ನಮ್ಮ ವೈನಿ, ತಿಂಗಳುಗಟ್ಟಲೆ ಕೂತು ನಾಲ್ಕು ನೂರು ಚೀಲ ಹೊಲಿದರು, ಪ್ರತಿ ಚೀಲದ ಬಾಯಿಗೆ ಸೀರೆಯಂಚಿನ ಕೆಂಪು ದಡಿ. ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ: ತವರಿನ ಮಗ್ಗದ ಹತ್ತಿ ಚೀಲ, ಹರಿದರೂ ಮಣ್ಣಾಗುತ್ತದೆ.

ಮದುವೆಗೆ ನಾಲ್ಕು ದಿನವಿದ್ದಾಗ ವೈನಿ ಆಟೋದಲ್ಲಿ ಗಂಟು ಹೇರಿಕೊಂಡು ಬಂದರು, ಹಿಂದೆ ಬೈಕಿನಲ್ಲಿ ಅಣ್ಣ. ಪಡಸಾಲೆಯಲ್ಲಿ ಗಂಟು ಬಿಚ್ಚಿದೆವು. ನಾದಿನಿ, ಓಣಿಯ ಮೂರು ನಾಲ್ಕು ಹೆಂಗಸರು ಚೀಲ ಮುಟ್ಟಿ ಮುಟ್ಟಿ ನೋಡಿದರು. ಆ ಹೊತ್ತಿಗೆ ವೈನಿ ಒಂದು ಊದಿನಕಡ್ಡಿ ಹಚ್ಚಿಕೊಂಡು ಬಂದು ಗೋಡೆಗೆ ಒರಗಿ ಕೂತರು. ದೇವರಿಗೆ ಇರಬೇಕು ಎಂದುಕೊಂಡೆ. ಅವರು ಒಂದೊಂದೇ ಚೀಲ ಎತ್ತಿ, ಹೊರಗೆ ಇಣುಕುತ್ತಿದ್ದ ದಾರದ ತುದಿಗೆ ಕಡ್ಡಿಯ ಕೆಂಡ ಮುಟ್ಟಿಸಿ ಬದಿಗಿಡತೊಡಗಿದರು.

"ವೈನಿ, ಏನ ಮಾಡಾಕತ್ತೀರಿ?"

"ಎಳಿ ಬಿಚ್ಚತಾವು. ಹಿಂಗ ಸುಟ್ರ ಅಂಟಿಕೊಂಡ ಕೂಡ್ತಾವ ನೋಡು. ನಾವು ದಿನಾ ಮಾಡೂದ ಇದ."

ಒಂದು ಚೀಲ ಕಿತ್ತುಕೊಂಡು ನೋಡಿದೆ. ದಾರದ ತುದಿಯಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಗುಂಡು, ಗಟ್ಟಿಯಾಗಿ, ಉಗುರಿಗೆ ಒಡೆಯದಂತೆ. ಹತ್ತಿ ಸುಟ್ಟರೆ ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಉದುರುವ ಬೂದಿ. ಪಾಲಿಸ್ಟರ್ ಸುಟ್ಟರೆ ಕರಗಿ ಗುಂಡಾಗುತ್ತದೆ. ಎಂಟನೆಯ ತರಗತಿಯ ಮಕ್ಕಳಿಗೆ ಇದನ್ನು ಹದಿನೆಂಟು ವರ್ಷದಿಂದ ತೋರಿಸಿದ್ದೇನೆ. ಪಾಲಿಸ್ಟರ್ ಎಂದರೂ ಪ್ಲಾಸ್ಟಿಕ್ಕಿನ ಕುಲವೇ ಎಂದು ಬೋರ್ಡಿನ ಮೇಲೆ ಬರೆಸಿದ್ದೇನೆ. ನನ್ನ ಕೈಯಲ್ಲಿದ್ದ ಚೀಲ ಪ್ಲಾಸ್ಟಿಕ್ಕು. ಪಡಸಾಲೆಯಲ್ಲಿ ರಾಶಿ ಬಿದ್ದ ನಾಲ್ಕು ನೂರೂ ಪ್ಲಾಸ್ಟಿಕ್ಕು.

ನಾದಿನಿಗೆ ನನ್ನ ಮುಖ ನೋಡಿಯೇ ಗೊತ್ತಾಯಿತು. ಅವಳೂ ಒಂದು ಕಾಲದಲ್ಲಿ ಆ ಪಾಠ ಓದಿದವಳೇ. "ಹೇಳೂದು ಆಚಾರ, ತಿನ್ನೂದು ಬದನಿಕಾಯಿ," ಎಂದಳು, ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಷ್ಟು. "ಹಂಗಾರ ನನ್ನ ಗುಲಾಬಿ ಡಬ್ಬಿನೂ ಬಿಚ್ಚಲ್ಯಾ?"

ಆ ಮಾತಿಗೆ ನನ್ನ ತಲೆ ಕೆಟ್ಟಿತು. ಸಿಟ್ಟು ಬರಬೇಕಾದದ್ದು ನನ್ನ ಮೇಲೆ, ತಿರುಗಿದ್ದು ಚಹಾ ಕುಡಿಯುತ್ತ ಕೂತಿದ್ದ ಅಣ್ಣನ ಮೇಲೆ.

"ಅಣ್ಣಾ, ಇದು ಪಾಲಿಸ್ಟರ್ ಐತಿ. ನಂಗ ಹೇಳಲೇ ಇಲ್ಲಲ್ಲ ನೀ?"

ಅಣ್ಣನಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ಮತ್ತೇನಿರತೈತಿ? ನಮ್ಮ ಮಗ್ಗದಾಗ ಹತ್ತಿ ಬಿಟ್ಟು ಯಾವ ಕಾಲ ಆತು. ಎಲ್ಲಾರಿಗೂ ಗೊತ್ತೈತಿ."

"ನಂಗ ಗೊತ್ತಿಲ್ಲ. ಈ ಕಸಾ ನಾ ಮಂದಿ ಕೈಯಾಗ ಕೊಡಂಗಿಲ್ಲ."

ಕಸ ಎಂದುಬಿಟ್ಟೆ. ಓಣಿಯವರ ಮುಂದೆ, ಬೀಗರ ಕಡೆಯ ನಂಟಸ್ತಿಕೆ ಇದ್ದವರ ಮುಂದೆ, ಅವನು ಸೋದರಮಾವನಾಗಿ ತಂದ ಆಹೇರಿಯನ್ನು. ಅಣ್ಣ ಚಹಾದ ಕಪ್ಪು-ಬಸಿಯನ್ನು ನೆಲಕ್ಕಿಟ್ಟ, ಎದ್ದ, ಬೈಕು ಹತ್ತಿ ಹೋದ. ವೈನಿಯನ್ನು ಕರೆಯಲೂ ಇಲ್ಲ.

ನಮ್ಮಲ್ಲಿ ಅಕ್ಷತೆ ಬೀಳುವಾಗ ಮದುಮಗಳ ಬೆನ್ನಿಗೆ ಸೋದರಮಾವ ನಿಲ್ಲಬೇಕು. ನನ್ನ ಮಗಳಿಗೆ ಇರುವವನು ಇವನೊಬ್ಬನೇ. ಅವನು ಬಾರದಿದ್ದರೆ ಆ ಜಾಗ ಖಾಲಿ, ಮತ್ತು ತವರಿನ ಬಾಗಿಲು ನನಗೆ ಮುಚ್ಚಿದಂತೆಯೇ.

ಹೆಂಗಸರು ಒಬ್ಬೊಬ್ಬರೇ ಎದ್ದು ಹೋದ ಮೇಲೆ ವೈನಿ ಊದಿನಕಡ್ಡಿ ಆರಿಸಿ ನನ್ನ ಪಕ್ಕ ಬಂದು ಕೂತರು. ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ.

"ನೀ ಬಿ.ಎಡ್. ಓದಾಕ ಹೋದ ವರ್ಷ ಹತ್ತಿ ಬಿಟ್ಟದ್ದು," ಎಂದರು. "ಹತ್ತಿ ನೂಲು ಹರಿದ ಹರಿದ ಬೀಳತಿತ್ತು, ಸೀರಿ ಕಡಿಮಿ ಇಳೀತಿದ್ದು. ಮಾವಾರು ಪಾಲಿಸ್ಟರ್ ಹಾಕಾಕ ಬಿಲ್ಕುಲ್ ಒಪ್ಪಲಿಲ್ಲ. 'ತಂಗಿ ಸಾಲಿ ನಿಂದ್ರಬಾರದು' ಅಂತ ನಿಮ್ಮಣ್ಣ ಹಠ ಹಿಡದು ಹಾಕಿದ್ರು. ಅವತ್ತಿಂದ ಮಾವಾರು ಮಗ್ಗದ ಖೋಲಿಗೆ ಕಾಲ ಇಡಲಿಲ್ಲ."

"ಅಪ್ಪಗ ಮೊಣಕಾಲ ನೋವಿತ್ತಲ್ರಿ?"

"ನಿನಗ ಹಂಗಂತ ಹೇಳಿದ್ವಿ."

ಅಪ್ಪ ಹೋಗುವ ತನಕ ಆರು ವರ್ಷ ಹೊರಗಿನ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ನಾನು ರಜೆಗೆ ಬಂದಾಗಲೆಲ್ಲ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ. ತಿಕ್ಕಿಸಿಕೊಳ್ಳುತ್ತಿದ್ದರು, ಏನೂ ಹೇಳುತ್ತಿರಲಿಲ್ಲ. ಪ್ರತಿ ಪಂಚಮಿಗೆ ಅಣ್ಣ ಕೊಟ್ಟ ಸೀರೆ ಉಟ್ಟು ಶಾಲೆಗೆ ಹೋಗಿ, ತವರಿನ ಹತ್ತಿ ಎಂದು ಸಹೋದ್ಯೋಗಿಗಳಿಗೆ ಸೆರಗು ತೋರಿಸಿದ್ದೇನೆ. ಬೇಸಿಗೆಯಲ್ಲಿ ಬೆವರು ಇಂಗದಿದ್ದರೆ ನನಗೆ ವಯಸ್ಸಾಯಿತು ಎಂದುಕೊಂಡೆನೇ ಹೊರತು ಸೀರೆಯನ್ನು ಶಂಕಿಸಲಿಲ್ಲ. ತವರಿನದು ಎಂದ ಮೇಲೆ ಯಾರು ಪರೀಕ್ಷೆ ಮಾಡುತ್ತಾರೆ? ಮಕ್ಕಳ ಮುಂದೆ ಅಂಗಡಿಯ ದಾರ ಸುಟ್ಟೆ, ಮೈಮೇಲಿನ ದಾರ ಸುಡಲಿಲ್ಲ. ಆ ದಾರ ಸುಡುವುದನ್ನು ಕಲಿತದ್ದೂ ಇದೇ ನೂಲಿನ ದುಡ್ಡಿನ ಮೇಲೆ.

ಮರುದಿನ ಬನಹಟ್ಟಿಗೆ ಹೋದೆ. ನಾಲ್ಕೂ ಮಗ್ಗ ಓಡುತ್ತಿದ್ದವು. ಆ ಖೋಲಿಯಲ್ಲಿ ಮಾತಾಡಬೇಕೆಂದರೆ ಒಂದೋ ಕಿವಿಗೆ ಬಾಯಿ ಹಚ್ಚಬೇಕು, ಇಲ್ಲ ಮಗ್ಗ ನಿಲ್ಲಿಸಬೇಕು. ಯಾರಾದರೂ ಬಂದರೆ ಅಣ್ಣ ನಿಲ್ಲಿಸುತ್ತಾನೆ, ಅದು ಅವನ ಮರ್ಯಾದೆ. ನನ್ನನ್ನು ನೋಡಿದ, ನಿಲ್ಲಿಸಲಿಲ್ಲ. ತಪ್ಪಾಯಿತು ಎಂದು ಕೂಗಿದೆ. ನನಗೇ ನನ್ನ ದನಿ ಕೇಳಿಸಲಿಲ್ಲ. ಹತ್ತು ನಿಮಿಷ ನಿಂತು ಬಸ್ಸು ಹಿಡಿದು ವಾಪಸು ಬಂದೆ.

ಮದುವೆಯ ದಿನ ಹಂಡೆ, ಎಲೆ, ಚೆಂಡು ಹೂವು, ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದ ಹಾಗೆಯೇ ನಡೆದಿತ್ತು. ನನಗೆ ಯಾವುದೂ ಬೇಕಾಗಿರಲಿಲ್ಲ. ಅಕ್ಷತೆ ಹಂಚಿ ಆಗಿತ್ತು, ಮಗಳ ಬೆನ್ನಿಗೆ ಯಾರೂ ಇರಲಿಲ್ಲ. "ಸ್ವಾದರಮಾವ ಎಲ್ಲದಾರ್ರಿ?" ಎಂದು ಮದುವೆ ಮಾಡಿಸುವ ಅಯ್ಯನವರು ಎರಡು ಸಲ ಕೇಳಿದರು. ಮಗಳು ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಸನಾದಿಯವನು ಪೀಪಿ ಬಾಯಿಗಿಟ್ಟುಕೊಂಡು ಕಾಯುತ್ತಿದ್ದ. ಆಗ ಜನರ ನಡುವಿನಿಂದ ಅಣ್ಣ ಬಂದ, ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿ ಮಗಳ ಬೆನ್ನಿಗೆ ನಿಂತ. ನನ್ನ ಕಡೆ ಕಣ್ಣೆತ್ತಲಿಲ್ಲ.

ಊಟ ಮುಗಿದು ಜನ ಹೊರಡುವ ಹೊತ್ತಿಗೆ ನಾನು ಬಾಗಿಲಲ್ಲಿ ನಿಂತೆ, ಪಕ್ಕದಲ್ಲಿ ನಾನೇ ಕೊಡುವುದಿಲ್ಲ ಎಂದಿದ್ದ ಚೀಲದ ಗಂಟು. ಅಣ್ಣ ಎರಡು ಮಾರು ಆಚೆ ಕಂಬಕ್ಕೆ ಒರಗಿದ್ದ. ಮೊದಲ ಚೀಲವನ್ನು ಬೀಗಿತಿಯ ಕೈಗೆ ಕೊಟ್ಟೆ. ಅವರು ದಡಿಯ ಮೇಲೆ ಬೆರಳಾಡಿಸಿ, "ಹತ್ತಿ ಭಾಳ ಛಲೋ ಐತ್ರಿ. ಅಣ್ಣಾರು ನೇದದ್ದಂತಲ್ಲ?" ಎಂದರು. ಹಿಂದೆ ನಾದಿನಿ ನಿಂತಿದ್ದಳು. ಅಣ್ಣ ತಲೆ ತಗ್ಗಿಸಿದ್ದು ಕಂಡಿತು. ಹೂಂ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಹಾಗೆ ಅಂದರೆ ಅವನು ನೇಯ್ದದ್ದು ನಾಚಿಕೊಳ್ಳುವ ಮಾಲು ಎಂದು ನಾನೇ ಮುದ್ರೆ ಒತ್ತಿದಂತೆ.

"ಹತ್ತಿ ಅಲ್ರಿ, ಪಾಲಿಸ್ಟರ್," ಎಂದೆ. "ನನ್ನ ಓದಿಸಿದ ನೂಲು ಇದ. ಮಣ್ಣಾಗಂಗಿಲ್ಲ, ಅದಕ್ಕ ಗಟಾರಕ್ಕ ಒಗೀಬ್ಯಾಡ್ರಿ. ವಾರಾ ಸಂತಿಗೆ ಒಯ್ಯಿರಿ. ಇಪ್ಪತ್ತ ವರ್ಷ ಬಾಳಿಕಿ ಬರತೈತಿ."

"ಮೂವತ್ತ," ಎಂದ ಅಣ್ಣ, ಕಂಬದ ಹತ್ತಿರದಿಂದ, ತಲೆ ಎತ್ತದೆ.

ಉಳಿದ ಚೀಲಗಳನ್ನೂ ಅದೇ ಮಾತು ಹೇಳಿ ಹೇಳಿಯೇ ಕೊಟ್ಟೆ. ಕೆಲವರು ನಕ್ಕರು, ಕೆಲವರಿಗೆ ತಲೆಬುಡ ತಿಳಿಯಲಿಲ್ಲ. ಅಷ್ಟರಲ್ಲಿ ಅಣ್ಣ ಹೇಳದೆ ಕೇಳದೆ ಊರಿಗೆ ಹೋಗಿದ್ದ.

ಮದುವೆಯ ನಂತರದ ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ ನನಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ದೇವರೇ ಎಂದುಕೊಂಡು ಬಾಗಿಲು ತೆಗೆದೆ. ನೀರು ಮತ್ತೆ ಮೆಟ್ಟಿಲ ತನಕ ಬಂದಿತ್ತು, ಕಸವೂ ಬಂದಿತ್ತು, ಬೇರೆ ಯಾರದೋ ಮದುವೆಯ ಲೋಟಗಳು. ಕೊಡೆ ಹಿಡಿದು ಓಣಿಯ ಕೊನೆಯವರೆಗೂ ಗಟಾರ ನೋಡುತ್ತ ಹೋದೆ. ಕೆಂಪು ದಡಿ ಎಲ್ಲಿಯೂ ಕಾಣಲಿಲ್ಲ. ಅಲ್ಲೇ ಮಳೆಯಲ್ಲಿ ನಿಂತು ಅಣ್ಣನಿಗೆ ಫೋನ್ ಹಚ್ಚಿದೆ. ಆ ಕಡೆ ಮಗ್ಗಗಳ ಗದ್ದಲ.

"ಅಣ್ಣಾ, ಒಂದೂ ತೇಲಿ ಬಂದಿಲ್ಲೋ," ಎಂದು ಕೂಗಿದೆ.

ಅವನಿಗೆ ಕೇಳಿಸಲಿಲ್ಲ. ಒಂದು ಮಗ್ಗ ನಿಂತಿತು. ಆಮೇಲೆ ಇನ್ನೊಂದು, ಮತ್ತೊಂದು. ನಾಲ್ಕನೆಯದೂ ನಿಂತ ಮೇಲೆ ಅಣ್ಣನ ದನಿ ಸ್ಪಷ್ಟವಾಗಿ ಕೇಳಿತು.

"ಈಗ ಹೇಳ ತಂಗಿ."