ಗೋಡೆಗೂ ಹೆಂಚಿಗೂ ನಡುವಿನ ತಗಡು

ನಾನು ಮದುವೆಯಾಗಿ ರಾಜಾಜಿನಗರಕ್ಕೆ ಬಂದಾಗ ಆ ಬಡಾವಣೆಯಲ್ಲಿ ಮನೆಗಳಿಗಿಂತ ಸೈಟಿನ ಗಡಿಕಲ್ಲುಗಳೇ ಹೆಚ್ಚಾಗಿದ್ದವು. ನಮ್ಮದು ಮೂಲೆ ಮನೆ. ಎರಡು ಕೋಣೆ, ಒಂದು ನಡುಮನೆ, ಮೇಲೆ ಗಾರೆಯ ತಾರಸಿ. ಅಡುಗೆಮನೆ ಮಾತ್ರ ಕಟ್ಟುವವರಿಗೆ ಕೊನೆಯಲ್ಲಿ ನೆನಪಾಗಿರಬೇಕು. ಅದನ್ನು ಪಕ್ಕದ ಗೋಡೆಗೆ ಆನಿಸಿ ಕಟ್ಟಿ, ಇಳಿಜಾರಾಗಿ ಮಂಗಳೂರು ಹೆಂಚು ಹೊದಿಸಿದ್ದರು. ಆ ಹೆಂಚಿನ ಮಾಡು ಮನೆಯ ಗೋಡೆಗೆ ತಾಗುವ ಕಡೆ ಒಂದು ಬೆರಳು ತೂರುವಷ್ಟು ಸಂದು. ಮಳೆ ಬಂದರೆ ಗೋಡೆಯ ಮೇಲಿಂದ ಇಳಿದ ನೀರೆಲ್ಲ ಆ ಸಂದಿಗೆ ನುಗ್ಗಿ, ಒಳಗೆ ಗೋಡೆಗುಂಟ ಜಾರಿ, ನೇರವಾಗಿ ಒಲೆಯ ಮೇಲೆ ಬೀಳುತ್ತಿತ್ತು.

ಮನೆಯಲ್ಲಿ ನಾವು ಐದು ಜನ. ಮಾವನವರು ಚಿತ್ರದುರ್ಗದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾಗಿ ಮಗನ ಜೊತೆಗಿರಲು ಬಂದವರು. ಅತ್ತೆ ದಿನಕ್ಕೆ ಮೂವತ್ತು ಎಲೆ ಬೀಳುವ ಒಟ್ಟು ಕುಟುಂಬದಲ್ಲಿ ಅಡುಗೆ ಮಾಡಿ ಪಳಗಿದವರು. ಈಗ ಐದೇ ಜನಕ್ಕೆ ಬೇಯಿಸುವುದೆಂದರೆ ಅವರಿಗೆ ಗೊಂಬೆಯಾಟ ಆಡಿದ ಹಾಗೆ. ಎಷ್ಟು ಕಡಿಮೆ ಹಾಕಿದರೂ ಸಾರು ಒಂದು ಕೊಡದಷ್ಟು ಆಗುತ್ತಿತ್ತು. ನಮ್ಮ ಯಜಮಾನರು ಕಾರ್ಖಾನೆಯ ಕೆಲಸಕ್ಕೆ ಬೆಳಿಗ್ಗೆ ಹೋದರೆ ಬರುತ್ತಿದ್ದದ್ದು ಸಂಜೆಗೇ. ಇನ್ನು ನಾದಿನಿ, ಮದುವೆಗೆ ಬಂದ ಹುಡುಗಿ. ನಗು ಬಂದರೆ ತಡೆಯಲಾರದವಳು.

ಆ ಸಂದನ್ನು ಮುಚ್ಚುವುದನ್ನು ಮಾವನವರು ಸ್ವಂತ ಕೆಲಸವೆಂದು ವಹಿಸಿಕೊಂಡರು. ಮೊದಲು ಸಿಮೆಂಟು ಮೆತ್ತಿದರು. ನಾಲ್ಕು ದಿನದ ಬಿಸಿಲಿಗೆ ಅದು ಬಿರಿಯಿತು. ಆಮೇಲೆ ಸುಣ್ಣ, ಬೆಲ್ಲ ಕಲಸಿ ತುಂಬಿದರು. ಹಳೆಯ ಕಾಲದ ಕೋಟೆಗಳಿಗೆಲ್ಲ ಹೀಗೇ ಮಾಡಿದ್ದಾರೆ ಎಂದು ನಮಗೆ ಪಾಠವನ್ನೂ ಹೇಳಿದರು. ಆದರೆ ಕೋಟೆಯ ಬೆಲ್ಲಕ್ಕೆ ಬಾರದ ಇರುವೆಗಳು ನಮ್ಮ ಬೆಲ್ಲಕ್ಕೆ ಬಂದವು. ಮುಂದಿನ ಮಳೆಗೆ ನೀರು, ಇರುವೆ ಎರಡೂ ಒಟ್ಟಿಗೆ ಒಲೆಗಿಳಿದವು. ಅಷ್ಟರಲ್ಲಿ ಅತ್ತೆ ಒಂದು ಕೈಯಲ್ಲಿ ಕೊಡೆ ಹಿಡಿದು ಇನ್ನೊಂದು ಕೈಯಲ್ಲಿ ರೊಟ್ಟಿ ತಟ್ಟುವುದನ್ನು ಕಲಿತಿದ್ದರು. ಒಂದು ದಿನ ಕೊಡೆಗೇ ಬೆಂಕಿ ತಗುಲಿತು. ಆಗ ಅವರು ಕೊಡೆಯ ಕಡ್ಡಿಗಳನ್ನು ನಡುಮನೆಗೆ ತಂದು, ಪೇಪರ್ ಓದುತ್ತಿದ್ದ ಮಾವನವರ ಮುಂದೆ ಇಟ್ಟು ಒಳಗೆ ಹೋದರು. ಮಾವನವರು ಮರುದಿನವೇ ಕಾಮಾಕ್ಷಿಪಾಳ್ಯಕ್ಕೆ ಹೋಗಿ ತಗಡಿನ ಕೆಲಸದವನೊಬ್ಬನನ್ನು ಕರೆದುಕೊಂಡು ಬಂದರು.

ಅವನು ಬಕೆಟ್ಟು, ಪೆಟ್ಟಿಗೆ ಮಾಡುವ ಮನುಷ್ಯ. ಮಾಡು ಹತ್ತಿ ನೋಡಿ, ಬೆಲ್ಲವನ್ನು ಉಗುರಿನಿಂದ ಕೆರೆದು, ಮೂಸಿ, ಮಾವನವರ ಕಡೆ ಒಂದು ಥರ ನೋಡಿದ.

"ಗೋಡೆ ಅಲ್ಲಾಡಲ್ಲ ಸಾರ್, ಹೆಂಚು ಅಲ್ಲಾಡ್ತಾನೇ ಇರ್ತದೆ. ಎರಡನ್ನೂ ಸೇರಿಸಿ ಮೆತ್ತಿದ್ರೆ ಬಿರೀದೆ ಇನ್ನೇನಾಗ್ತದೆ? ತಗಡು ಹಾಕಿ. ಒಂದು ಅಂಚು ಗೋಡೆ ಒಳಗೆ ಕಚ್ಕೊಂಡಿರ್ಲಿ, ಇನ್ನೊಂದು ಹೆಂಚಿನ ಮೇಲೆ ಸುಮ್ನೆ ಮಲಗಿರ್ಲಿ, ಅತ್ತೆ ಮನೇಗೆ ಬಂದ ಅಳಿಯನ ಥರ."

ಮಾವನವರಿಗೆ ಈ ಮಾತು ಬಹಳ ಹಿಡಿಸಿತು. ಕೂಡಲೇ ಅದರ ನಕ್ಷೆ ಬರೆದು, ಬಾಣದ ಗುರುತು ಹಾಕಿ, ನೀರು ಎಲ್ಲಿಂದ ಎಲ್ಲಿಗೆ ಹರಿಯಬೇಕೆಂದು ತೋರಿಸಿದರು. ತಗಡಿನವನು ಆ ನಕ್ಷೆಯನ್ನು ಗೌರವದಿಂದ ಮಡಿಸಿ ಕಿವಿಗೆ ಸಿಕ್ಕಿಸಿಕೊಂಡು ಹೋದ. ಎರಡು ದಿನ ಬಿಟ್ಟು ಬಿನ್ನಿಪೇಟೆಯ ಗುಜರಿಯಿಂದ ಆರಡಿ ಉದ್ದದ ದಪ್ಪ ತಗಡೊಂದನ್ನು ಹೊತ್ತು ತಂದ. ಅದು ಮುಚ್ಚಿಹೋದ ಯಾವುದೋ ಹೋಟೆಲಿನ ಬೋರ್ಡು. ಒಂದು ಬದಿಗೆ ಹಳದಿ ಬಣ್ಣ ಬಳಿದು ಕೆಂಪಕ್ಷರ ಬರೆದಿತ್ತು, ಇನ್ನೊಂದು ಬದಿಯಲ್ಲಿ ಬೆರಳು ಕಪ್ಪಾಗುವಷ್ಟು ಹೊಗೆಯ ಮಸಿ. ಬಣ್ಣದ ಮುಖ ಮೇಲಿದ್ದರೆ ತುಕ್ಕು ಹಿಡಿಯುವುದಿಲ್ಲ ಎಂದು ಅವನು ಹೇಳಿದ. ಅಕ್ಷರ ಆಕಾಶ ನೋಡುತ್ತಿರುತ್ತದೆ, ಓದುವುದಕ್ಕೆ ಕಾಗೆಗಳಿಗೆ ಬರುವುದಿಲ್ಲ ಎಂದು ಮಾವನವರೂ ಒಪ್ಪಿದರು. ಗೋಡೆಯಲ್ಲಿ ಉದ್ದಕ್ಕೆ ಕಾಲುವೆಯಂಥ ಸೀಳು ಕೊರೆದು, ತಗಡಿನ ಅಂಚನ್ನು ಬಗ್ಗಿಸಿ ಅದರೊಳಗೆ ಕಚ್ಚಿಸಿ, ಮಿಕ್ಕದ್ದನ್ನು ಹೆಂಚಿನ ಮೇಲೆ ಮಲಗಿಸಿದ್ದಾಯಿತು. ಎರಡು ಕೊನೆಗೆ ಸೀಮೆಎಣ್ಣೆ ಡಬ್ಬದ ತುಂಡುಗಳು.

ಅಂದು ಮಧ್ಯಾಹ್ನವೇ ಒಳ್ಳೆಯ ಮಳೆ ಬಂತು. ಐವರಲ್ಲಿ ಮನೆಯಲ್ಲಿದ್ದ ನಾಲ್ವರೂ ಒಲೆಯ ಸುತ್ತ ನಿಂತು ಗೋಡೆ ನೋಡಿದೆವು. ಒಂದು ಹನಿಯೂ ಬರಲಿಲ್ಲ. ಅತ್ತೆ ಗೋಡೆಯನ್ನು ಅಂಗೈಯಿಂದ ಸವರಿ, ಆ ಕೈಯನ್ನು ಮಾವನವರಿಗೆ ತೋರಿಸಿದರು. ಮಾವನವರು ನಿವೃತ್ತರಾದ ದಿನವೂ ಅಷ್ಟು ಸಂತೋಷಪಟ್ಟಿರಲಿಕ್ಕಿಲ್ಲ.

ಮಾರನೆಯ ದಿನ ಹನ್ನೆರಡೂವರೆಗೆ ಖಾಕಿ ಚಡ್ಡಿ ಹಾಕಿದ ಒಬ್ಬರು ಸೈಕಲನ್ನು ಬೇಲಿಗೆ ಒರಗಿಸಿ ಒಳಗೆ ಬಂದರು. ನಲ್ಲಿಯಲ್ಲಿ ಕೈಕಾಲು ತೊಳೆದು, ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಎಲೆಯೋ ತಟ್ಟೆಯೋ ಎಂದು ಕೇಳಿದರು. ಮಾವನವರ ಹಳೆಯ ಶಿಷ್ಯನಿರಬೇಕು ಎಂದುಕೊಂಡು ಅತ್ತೆ ಎಲೆ ಹಾಕಿಸಿದರು. ಅತ್ತೆಯ ತವರಿನ ಕಡೆಯವರಿರಬೇಕು ಎಂದುಕೊಂಡು ಮಾವನವರು ಎದುರಿಗೆ ಕೂತು ಮಳೆ ಬೆಳೆ ವಿಚಾರಿಸಿದರು. ಬಂದವರು ಮುದ್ದೆ, ಸೊಪ್ಪಿನ ಸಾರು, ಅನ್ನ, ಮಜ್ಜಿಗೆ ಎಲ್ಲವನ್ನೂ ನಿಧಾನವಾಗಿ ಮುಗಿಸಿ, ಎಲೆ ಎತ್ತಿ, ಕೈ ಒರೆಸಿಕೊಂಡು, "ಎಷ್ಟಾಯ್ತಮ್ಮ?" ಎಂದರು.

ಅತ್ತೆಗೆ ಅರ್ಥವಾಗಲಿಲ್ಲ. ಎಷ್ಟು ಮಕ್ಕಳೆಂದು ಕೇಳುತ್ತಿದ್ದಾರೆಂದು ತಿಳಿದು, ನಾಲ್ಕು, ಉಳಿದದ್ದು ಎರಡು ಎಂದರು. ಆ ಮನುಷ್ಯ ನಾಲ್ಕು ಆಣೆ ತೆಗೆದು, ಉಳಿದ ಎರಡಕ್ಕೆ ಜೇಬು ತಡಕಾಡತೊಡಗಿದ. ನಾದಿನಿ ಬಾಯಿಗೆ ಸೆರಗು ತುರುಕಿಕೊಂಡು ಹಿತ್ತಲಿಗೆ ಓಡಿದಳು.

ಆಮೇಲೆ ನಾನು ಪಕ್ಕದ ರಸ್ತೆಗೆ ಹೋಗಿ ನಿಂತು ನೋಡಿದೆ. ರಸ್ತೆ ನಮ್ಮ ಮನೆಗಿಂತ ಎತ್ತರದಲ್ಲಿತ್ತು. ಹೆಂಚಿನ ಇಳಿಜಾರೋ ಸೀದಾ ರಸ್ತೆಗೆ ಮುಖ ಮಾಡಿತ್ತು. ಕಾಮಾಕ್ಷಿಪಾಳ್ಯದಿಂದ ಕಾರ್ಖಾನೆಗಳ ಕಡೆಗೆ ನಡೆಯುವವರೆಲ್ಲರ ಕಣ್ಣಿಗೆ ಸರಿಯಾಗಿ, ಹಳದಿಯ ಮೇಲೆ ಕೆಂಪಗೆ, ಮಳೆಯಲ್ಲಿ ತೊಳೆದು ಫಳಫಳ ಹೊಳೆಯುತ್ತಿತ್ತು: ಊಟ ತಯಾರಿದೆ.

ಮಾವನವರು ಏಣಿ ತರಿಸಿ ಅದರ ಮೇಲೆ ಸುಣ್ಣ ಹೊಡೆದರು. ಎಣ್ಣೆಬಣ್ಣದ ಮೇಲೆ ಸುಣ್ಣ ನಿಲ್ಲುತ್ತದೆಯೇ? ಸಂಜೆಯ ಮಳೆಗೆ ಇಳಿದುಹೋಯಿತು. ಮಾರನೆಯ ದಿನ ಖಾಕಿ ಚಡ್ಡಿಯವರು ಇನ್ನಿಬ್ಬರನ್ನು ಕರೆದುಕೊಂಡು ಬಂದರು. ಇದು ಹೋಟೆಲಲ್ಲ ಎಂದು ಮಾವನವರು ಬಾಗಿಲಲ್ಲೇ ವಿವರಿಸಿದರು. ಅವರು ನಾಚಿಕೊಂಡು ಹಿಂದಿರುಗುತ್ತಿದ್ದಾಗ ಅತ್ತೆ ಒಳಗಿನಿಂದ ಬಂದರು. "ಹಸಿದು ಬಾಗಿಲಿಗೆ ಬಂದೋರನ್ನ ಹಾಗೇ ಕಳಿಸೋದಾ? ಕೂತ್ಕೊಳ್ಳಿ. ದುಡ್ಡಿನ ಮಾತು ಮಾತ್ರ ಎತ್ತಬೇಡಿ" ಎಂದರು. ನಮ್ಮಲ್ಲಿ ದಾಸೋಹ ಎಂದರೆ ದೊಡ್ಡ ಮಾತು. ಅದಕ್ಕೆ ಎದುರು ಹೇಳುವ ಧೈರ್ಯ ಮಾವನವರಿಗೆ ಇರಲಿಲ್ಲ.

ಆ ಮೇಲೆ ತಗಡಿಗೆ ಎಣ್ಣೆಬಣ್ಣ ಬಳಿಯುವ ಮಾತು ಬಂದಾಗಲೆಲ್ಲ ಅತ್ತೆಗೆ ಏನಾದರೊಂದು ನೆಪ ಸಿಗುತ್ತಿತ್ತು. ಅಮಾವಾಸ್ಯೆ ಕಳೆಯಲಿ, ಶ್ರಾವಣ ಮುಗಿಯಲಿ, ಬಣ್ಣದ ವಾಸನೆ ಮೊಸರಿಗೆ ಹತ್ತುತ್ತದೆ. ಊಟಕ್ಕೆ ಬರುವವರು ಮೂವರಿಂದ ಆರಾದರು. ಅತ್ತೆಯ ಸಾರು ಕಡೆಗೂ ಪಾತ್ರೆಗೆ ಸರಿಯಾಯಿತು. ಬೆಳಿಗ್ಗೆ ಅವರು ಹಾಡು ಹೇಳಿಕೊಂಡು ಕಾಳು ನೆನೆಹಾಕುವುದನ್ನು ನಾನು ಕೇಳಿದ್ದು ಆಗಲೇ ಮೊದಲು. ಊಟದವರು ಬರಿಗೈಯಲ್ಲಿ ಬರುವುದಿಲ್ಲ ಎಂದು ತಾವೇ ನಿಶ್ಚಯಿಸಿಕೊಂಡು ಒಬ್ಬರು ಸೊಪ್ಪು, ಒಬ್ಬರು ತೆಂಗಿನಕಾಯಿ, ಮರಗೆಲಸದವರೊಬ್ಬರು ಮಣೆ ತಂದರು. ಆದರೆ ಸಲಿಗೆ ಬೆಳೆದಂತೆ ದೂರುಗಳೂ ಬಂದವು. ಉಪ್ಪು ಒಂದು ಕಲ್ಲು ಮುಂದಾಯಿತು, ಗುರುವಾರ ಮಾಡಿದ ಬಸ್ಸಾರು ಮತ್ತೆ ಯಾವಾಗ, ಭಾನುವಾರ ಯಾಕೆ ರಜಾ. ಎಲ್ಲವನ್ನೂ ಅತ್ತೆ ಗಂಭೀರವಾಗಿ ಕೇಳಿ ತಿದ್ದಿಕೊಳ್ಳುತ್ತಿದ್ದರು. ಅದೇ ಮಾತನ್ನು ಮಾವನವರೋ ನಾನೋ ಆಡಿದ್ದರೆ ಕಥೆ ಬೇರೆಯಾಗುತ್ತಿತ್ತು.

ಕೆಟ್ಟದ್ದು ಒಂದು ಮಂಗಳವಾರ. ಅಂದು ನನಗೆ ಜ್ವರ, ನಾದಿನಿ ನನ್ನ ಹತ್ತಿರ ಕೂತಿದ್ದಳು. ಬಡಿಸಲು ಮಾವನವರೇ ಸೌಟು ಹಿಡಿದು ನಿಂತರು. ಹೊಸಬನೊಬ್ಬ ಎಲೆಯಿಂದ ತಲೆ ಎತ್ತದೆ, "ಮಾಣಿ, ಅನ್ನ ತಾ" ಎಂದ. ಮೂವತ್ತು ವರ್ಷ ಮೇಷ್ಟ್ರಾಗಿದ್ದವರು. ಅನ್ನ ಬಡಿಸಿದರು. ಆಮೇಲೆ ಸೌಟನ್ನು ತೊಳೆದು, ಜಾಗದಲ್ಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಸೀದಾ ಕಾಮಾಕ್ಷಿಪಾಳ್ಯಕ್ಕೆ ಹೋದರು.

ತಗಡಿನವನು ಬಂದು ವಿಷಯ ಕೇಳಿ, ಅಷ್ಟೇ ತಾನೇ, ಮಗುಚಿ ಹಾಕಿದರಾಯಿತು ಎಂದ. ತಗಡನ್ನು ಕಿತ್ತು, ಅಂಚನ್ನು ಹಿಂದಕ್ಕೆ ಬಗ್ಗಿಸಿ, ಮಸಿಯ ಬದಿಯನ್ನು ಮೇಲೆ ಮಾಡಿ ಕೂರಿಸಿದ. ರಸ್ತೆಯಿಂದ ನೋಡಿದರೆ ಬರೀ ಕಪ್ಪು. ಅತ್ತೆ ಎರಡು ದಿನ ಹಾಡಿಲ್ಲದೆ ಕಾಳು ನೆನೆಹಾಕಿದರು. ಹಳೆಯ ಆರು ಜನ ಮಾತ್ರ ಬೋರ್ಡಿನ ಹಂಗಿಲ್ಲದೆ ಬರುತ್ತಲೇ ಇದ್ದರು.

ಆ ಭಾನುವಾರ ನಾದಿನಿಯನ್ನು ನೋಡಲು ತುಮಕೂರಿನಿಂದ ಗಂಡಿನವರು ಬರುವುದಿತ್ತು. ಹನ್ನೆರಡಕ್ಕೆ ಬರುತ್ತೇವೆ, ಊಟ ನಿಮ್ಮಲ್ಲೇ ಎಂದು ಕಾಗದ ಬರೆದಿದ್ದರು. ಶನಿವಾರ ಜೋರು ಮಳೆ. ಭಾನುವಾರ ಹೋಳಿಗೆ, ಕಟ್ಟಿನ ಸಾರು, ಕೋಸಂಬರಿ ಎಲ್ಲ ಆಯಿತು. ಹನ್ನೆರಡಾಯಿತು, ಒಂದಾಯಿತು, ಎರಡೂ ಆಯಿತು. ಗಂಡಿನವರ ಸುಳಿವಿಲ್ಲ. ಮಾವನವರು ಬಾಗಿಲಿಗೂ ಗೇಟಿಗೂ ನಡೆದು ನಡೆದು ಸುಸ್ತಾದರು. ಜಾತಕ ನೋಡಿ ಮನಸ್ಸು ಬದಲಾಯಿಸಿದರೇನೋ ಎಂದು ಅತ್ತೆ ಕಣ್ಣೊರೆಸಿಕೊಂಡರು.

ಮೂರು ಗಂಟೆಗೆ ಅವರು ಬಂದರು. ಹುಡುಗ, ಅವನ ತಂದೆ, ತಾಯಿ. ಮೂವರ ತುಟಿಯಲ್ಲೂ ವೀಳ್ಯದ ಕೆಂಪು. ಹುಡುಗನ ತಂದೆ ಸಂಕೋಚದಿಂದ ಕೂತು, "ನಿಮಗೆ ತೊಂದರೆ ಆಗ್ಬಾರ್ದು ಅಂತ ಮಾಗಡಿ ರಸ್ತೇಲೇ ಊಟ ಮುಗಿಸ್ಕೊಂಡು ಬಂದ್ವಿ" ಎಂದರು. ಅಡುಗೆ ಎಲ್ಲ ಸಿದ್ಧವಿತ್ತಲ್ಲ ಎಂದು ಮಾವನವರು ಕೇಳಿದಾಗ ಆ ಹಿರಿಯರು ಇನ್ನಷ್ಟು ಸಂಕೋಚಪಟ್ಟರು. "ಹನ್ನೆರಡಕ್ಕೇ ಬಂದಿದ್ವಿ. ಆ ಪಕ್ಕದ ರಸ್ತೇಲಿ. ನೀವೇ ಮನೆ ಮೇಲೆ ಹಾಕ್ಸಿದೀರಲ್ಲ, ಊಟ ಮುಗಿದಿದೆ ಅಂತ."

ನಾನು ಮೆಲ್ಲಗೆ ಎದ್ದು ರಸ್ತೆಗೆ ಹೋಗಿ ನೋಡಿದೆ. ಹೋಟೆಲಿನವರು ಆ ಬೋರ್ಡನ್ನು ಮಧ್ಯಾಹ್ನವಾದ ಮೇಲೆ ತಿರುಗಿಸಿ ಹಾಕುತ್ತಿದ್ದರೆಂದು ಕಾಣುತ್ತದೆ. ಶನಿವಾರದ ಮಳೆ ಮಸಿಯನ್ನೆಲ್ಲ ತೊಳೆದಿತ್ತು. ಅದರಡಿಯಿಂದ ಊಟ ಮುಗಿದಿದೆ ಎನ್ನುವ ಅಕ್ಷರಗಳು, ಅವುಗಳ ಕೆಳಗೆ 'ದಯವಿಟ್ಟು ಕ್ಷಮಿಸಿ' ಎಂಬುದೂ ಸ್ಪಷ್ಟವಾಗಿ ಎದ್ದಿದ್ದವು.

ನಾನು ಒಳಗೆ ಬಂದು ವಿಷಯ ಹೇಳುವ ಹೊತ್ತಿಗೆ ನಾದಿನಿ ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ತಲೆ ತಗ್ಗಿಸಿರಬೇಕು, ಹಲ್ಲು ಕಾಣಿಸಬಾರದು ಎಂದು ಬೆಳಿಗ್ಗೆಯಿಂದ ಅವಳಿಗೆ ಪಾಠವಾಗಿತ್ತು. 'ದಯವಿಟ್ಟು ಕ್ಷಮಿಸಿ' ಎಂಬ ಮಾತು ನನ್ನ ಬಾಯಿಂದ ಬಂದದ್ದೇ ತಟ್ಟೆ ಗಡಗಡ ನಡುಗಿತು. ಲೋಟಗಳು ಒಂದಕ್ಕೊಂದು ಬಡಿದುಕೊಂಡವು. ಅವಳು ತಟ್ಟೆಯನ್ನು ನೆಲದ ಮೇಲಿಟ್ಟು, ಅಲ್ಲೇ ಕುಸಿದು ಕೂತು, ಕಣ್ಣಲ್ಲಿ ನೀರು ಸುರಿಯುವಂತೆ ನಕ್ಕಳು. ಅತ್ತೆ ಅವಳ ಕಡೆ ನೋಡಿದ ನೋಟ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಆದರೆ ಮೊದಲು ಹುಡುಗ ನಕ್ಕ, ಆಮೇಲೆ ಅವನ ತಾಯಿ. ಮಾವನವರು ಗಂಟಲು ಸರಿಮಾಡಿಕೊಂಡು, ಗೋಡೆಗೂ ಹೆಂಚಿಗೂ ಏಕೆ ಸೇರುವುದಿಲ್ಲ ಎನ್ನುವುದರಿಂದ ಶುರುಮಾಡಿ ಇಡೀ ವೃತ್ತಾಂತವನ್ನು ಹೊಸದಾಗಿ ನಕ್ಷೆ ಬರೆದು ವಿವರಿಸಿದರು. ಹುಡುಗ ಲೋಕೋಪಯೋಗಿ ಇಲಾಖೆಯ ಓವರ್‌ಸಿಯರು. ನಕ್ಷೆಯನ್ನು ಕೈಗೆ ತೆಗೆದುಕೊಂಡು, ತಗಡಿನ ಕೆಲಸ ಸರಿಯಾಗಿದೆ, ಇದನ್ನು ಮಾತ್ರ ಕೀಳಿಸಬೇಡಿ ಎಂದ. ಮಾವನವರು ಅಳಿಯನನ್ನು ಒಪ್ಪಿದ್ದು ಆ ಕ್ಷಣದಲ್ಲಿ.

ಅತ್ತೆ ಮಾತ್ರ ಊಟ ಬಡಿಸದೆ ಯಾರನ್ನೂ ಬಿಡಲಿಲ್ಲ. ಹೋಟೆಲಿನಲ್ಲಿ ತಿಂದದ್ದು ಊಟದ ಲೆಕ್ಕಕ್ಕೆ ಬರುವುದಿಲ್ಲ ಎಂದರು. ಗಂಡಿನವರು ಮೂರೂವರೆಗೆ ಎರಡನೆಯ ಊಟಕ್ಕೆ ಕೂತರು. ಹುಡುಗನ ತಂದೆ ಮೂರನೆಯ ಹೋಳಿಗೆಗೆ ಕೈಮುಗಿದು, ಪಂಚೆ ಸಡಿಲಿಸಿಕೊಂಡು, ಜಗಲಿಯ ಮೇಲೆ ಮಲಗಿ ನಿದ್ದೆ ಹೋದರು. ಅವರು ಎದ್ದ ಮೇಲೆಯೇ ಮಾತುಕತೆ ಮುಂದುವರಿದದ್ದು.

ಮದುವೆ ಗೊತ್ತಾದ ವಾರ ಮಾವನವರು ಇಟ್ಟಿಗೆ ಬಣ್ಣದ ಎಣ್ಣೆಬಣ್ಣ ತಂದರು. ಈ ಸಲ ಅತ್ತೆ ಯಾವ ನೆಪವನ್ನೂ ಹೇಳಲಿಲ್ಲ. ಮಾವನವರು ಎದುರು ಸೈಟಿನಲ್ಲಿ ಮನೆ ಕಟ್ಟುತ್ತಿದ್ದವರಿಂದ ಏಣಿ ಎರವಲು ತಂದು, ಒಂದು ಕೊನೆಯಿಂದ ಬಳಿಯುತ್ತ ಇನ್ನೊಂದು ಕೊನೆಗೆ ಹೋದವರು, ಬಂದ ದಾರಿಯೆಲ್ಲ ಹಸಿ ಬಣ್ಣವಾದ್ದರಿಂದ ತಾರಸಿಗೆ ಹತ್ತಿಕೊಂಡರು. ಅಷ್ಟರಲ್ಲಿ ಗಾರೆಯವರು ಬಂದು ತಮ್ಮ ಏಣಿಯನ್ನು ಒಯ್ದು, ಅಂದಿನ ಕೆಲಸ ಮುಗಿಸಿ, ಅದನ್ನು ಗಾಡಿಗೆ ಹಾಕಿಕೊಂಡು ಹೊರಟೇಹೋದರು. ಮಾವನವರು ಸ್ವಲ್ಪ ಹೊತ್ತು ನಮ್ಮನ್ನು ಕೂಗಿದರು. ನಾನು ಅಂಗಳಕ್ಕೆ ಬಂದು ನೋಡಿದರೆ ತಾರಸಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ಮಾಗಡಿ ರಸ್ತೆಯ ಕಡೆ ನೋಡುತ್ತಿದ್ದರು. ಇಲ್ಲಿಂದ ಬಹಳ ದೂರ ಕಾಣುತ್ತದೆ, ಅವಸರವಿಲ್ಲ, ನಿನ್ನ ಗಂಡ ಕೆಲಸದಿಂದ ಬಂದ ಮೇಲೆ ಇಳಿಸಿದರೆ ಸಾಕು ಎಂದರು.