ಹಣಕ್ಕೊಂದು ಎತ್ವ

ಆ ವಾರಪತ್ರಿಕೆಯ ಕಚೇರಿಯಲ್ಲಿ ಅವಳನ್ನು ಎಲ್ಲರೂ ಉಳಿತಾಯದಕ್ಕ ಎಂದೇ ಕರೆಯುತ್ತಿದ್ದರು. ಸಂಬಳ ಸಿಗುತ್ತಿದ್ದದ್ದು ಕರಡು ತಿದ್ದುವುದಕ್ಕೆ. ಅಚ್ಚಿಗೆ ಹೋಗುವ ಮುಂಚೆ ಪ್ರತಿ ಪುಟವನ್ನೂ ಕೆಂಪು ಪೆನ್ನು ಹಿಡಿದು ಓದಿ, ತಪ್ಪಿದ ಕೊಂಬು, ಬಿಟ್ಟುಹೋದ ಒತ್ತು ಹುಡುಕಿ ಸುತ್ತು ಹಾಕುವ ಕೆಲಸ. ಆದರೆ ಅವಳ ಜೀವ ಇದ್ದದ್ದು ಹದಿನಾರನೇ ಪುಟದಲ್ಲಿ. ಅಲ್ಲಿ ಹನ್ನೊಂದು ವರ್ಷದಿಂದ ಅವಳ ‘ಹಣ ಉಳಿಸಿ’ ಅಂಕಣ ಬರುತ್ತಿತ್ತು. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಅವಳ ಹೆಸರು. ಹಸಿದ ಹೊಟ್ಟೆಯಲ್ಲಿ ಅಂಗಡಿಗೆ ಹೋಗಬೇಡಿ. ಟೂತ್‌ಪೇಸ್ಟ್ ಮುಗಿಯಿತೆಂದು ಎಸೆಯುವ ಮುಂಚೆ ಟ್ಯೂಬನ್ನು ಕತ್ತರಿಸಿ ನೋಡಿ, ಇನ್ನೂ ಒಂದು ವಾರಕ್ಕಾಗುತ್ತದೆ. ಫ್ರಿಜ್ ಬಾಗಿಲಿಗೆ ಒಂದು ಕಾಗದ ಸಿಕ್ಕಿಸಿ ಎಳೆಯಿರಿ, ಸಲೀಸಾಗಿ ಬಂದರೆ ರಬ್ಬರು ಹೋಗಿದೆ ಎಂದರ್ಥ, ನಿಮ್ಮ ಕರೆಂಟು ಇಡೀ ಅಡುಗೆಮನೆಯನ್ನು ತಂಪು ಮಾಡುತ್ತಿದೆ. ಇಂಥವು. ಬರೆದದ್ದನ್ನೆಲ್ಲ ಮೊದಲು ತನ್ನ ಮನೆಯಲ್ಲಿ ಮಾಡಿ ನೋಡಿರುತ್ತಿದ್ದಳು. ಆ ವಿಷಯದಲ್ಲಿ ಯಾರೂ ಅವಳತ್ತ ಬೆರಳು ತೋರಿಸುವ ಹಾಗಿರಲಿಲ್ಲ.

ಅಂಥವಳ ಹೊಟ್ಟೆಗೆ ಕಿಚ್ಚು ಬಿದ್ದದ್ದು ಎದುರಿನ ಹದಿನೇಳನೇ ಪುಟದಿಂದ. ಹಚ್ಚಿದವಳು ಬೇರೆ ಯಾರೂ ಅಲ್ಲ, ಬೆನ್ನಿಗೆ ಬಿದ್ದ ತಂಗಿ. ಮೂರು ವರ್ಷದ ಹಿಂದೆ ಅವಳನ್ನು ಕೈಹಿಡಿದು ಕರೆತಂದು, “ಸರ್, ನನ್ನ ತಂಗಿ, ಚೆನ್ನಾಗಿ ಬರೀತಾಳೆ, ಒಂದು ಅವಕಾಶ ಕೊಡಿ” ಎಂದು ಸಂಪಾದಕರ ಮುಂದೆ ನಿಲ್ಲಿಸಿದವಳು ಅಕ್ಕನೇ. ಅವರು ಕೊಟ್ಟರು. ತಂಗಿ ಶುರುಮಾಡಿದ್ದು ‘ದೆವ್ವದ ಮನೆಯಲ್ಲಿ ಎರಡು ದಿನ’ ಎಂಬ ಪ್ರವಾಸದ ಅಂಕಣ. ಜನ ರಜೆ ಹಾಕಿ, ದುಡ್ಡು ಕೊಟ್ಟು, ದೆವ್ವ ಇದೆ ಎನ್ನುವ ಬಂಗಲೆ, ಪಾಳು ಕೋಟೆ, ಮುಚ್ಚಿದ ಗಿರಣಿ ನೋಡಲು ಹೋಗುತ್ತಾರೆಂದು ಅಕ್ಕನಿಗೆ ಗೊತ್ತೇ ಇರಲಿಲ್ಲ. ಗೊತ್ತಾದ ಮೇಲೆ, ಪುಕ್ಕಟೆ ಕೊಟ್ಟರೂ ಬೇಡದ್ದಕ್ಕೆ ಬಾಡಿಗೆ ಕೊಡುವ ಇವರಿಗೆ ಮೊದಲು ನನ್ನ ಅಂಕಣ ಓದಿಸಬೇಕು ಎಂದು ಮೂಗು ಮುರಿದಳು.

ಓದುಗರು ಮಾತ್ರ ಮುಗಿಬಿದ್ದರು. ಪ್ರತಿ ಗುರುವಾರ ಅಂಚೆಯವನು ಪತ್ರಗಳನ್ನು ತಂದು ಸುರಿದರೆ, ಸ್ವಾಗತದ ಮೇಜಿನ ಹೆಂಗಸು ಅವನ್ನು ವಿಂಗಡಿಸಿ ಕಟ್ಟಿಡುತ್ತಿದ್ದಳು. ತಂಗಿಯ ಕಟ್ಟಿಗೆ ರಬ್ಬರ್ ಬ್ಯಾಂಡ್ ಒಂದು ಸುತ್ತಿಗೂ ಸಾಲುತ್ತಿರಲಿಲ್ಲ. ಅಕ್ಕನ ಕಟ್ಟಿಗೆ ಮೂರು ಸುತ್ತು ಹಾಕಿದರೂ ಸಡಿಲ. ಹೋದ ವಾರ ಬಂದ ಎರಡು ಪತ್ರದಲ್ಲಿ ಒಂದು, ಟ್ಯೂಬ್ ಕತ್ತರಿಸಲು ಹೋಗಿ ಬೆರಳು ಕೊಯ್ದುಕೊಂಡವರದ್ದು.

ಸಾಲದ್ದಕ್ಕೆ, ತಂಗಿ ಪ್ರತಿ ಪ್ರವಾಸದಿಂದ ಬರುವಾಗಲೂ ಹೋಟೆಲಿನ ಪುಟಾಣಿ ಸೋಪುಗಳನ್ನು ತಂದು, “ಅಕ್ಕಾ, ನಿನಗೆ ಉಳಿತಾಯ” ಎಂದು ಅವಳ ಮೇಜಿನ ಮೇಲಿಡುತ್ತಿದ್ದಳು. ಅವಳು ಪ್ರೀತಿಯಿಂದಲೇ ತರುತ್ತಿದ್ದಳೋ ಏನೋ. ಅಕ್ಕನಿಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಸೋಪನ್ನು ಎಸೆಯುವಂತೆಯೂ ಇಲ್ಲ, ಅಂಕಣದ ಮಾನ ಹೋಗುತ್ತದೆ. ಹಾಗಾಗಿ ದಿನಾ ಬೆಳಿಗ್ಗೆ ತಂಗಿಯ ಸೋಪಿನಲ್ಲೇ ಮುಖ ತೊಳೆದು, ತಂಗಿಯ ಮೇಲೇ ಹಲ್ಲು ಕಡಿಯುತ್ತ ಕಚೇರಿಗೆ ಬರುತ್ತಿದ್ದಳು.

ಹೀಗಿರುವಾಗ ಸಂಪಾದಕರು ಇಬ್ಬರನ್ನೂ ಕರೆಸಿದರು. ಕಾಗದದ ಬೆಲೆ ಏರಿದೆ, ಪತ್ರಿಕೆಯಲ್ಲಿ ನಾಲ್ಕು ಪುಟ ಕಡಿಮೆಯಾಗಲಿದೆ, ನಿಮ್ಮಿಬ್ಬರ ಅಂಕಣದಲ್ಲಿ ಒಂದೇ ಉಳಿಯುತ್ತದೆ ಎಂದರು.

“ಒಂದೇ ಜಾಗಕ್ಕೆ ಇಬ್ಬರೂ ಹೋಗಿ. ಬೆಟ್ಟದ ಮೇಲಿನ ಆ ಹಳೇ ಬಂಗಲೆ ಇದೆಯಲ್ಲ, ಅಲ್ಲಿಗೆ. ನೀವು ಕಡಿಮೆ ಖರ್ಚಲ್ಲಿ ಪ್ರವಾಸ ಮಾಡೋದು ಹೇಗೆ ಅಂತ ಬರೀರಿ. ಅವರು ದೆವ್ವದ ಬಗ್ಗೆ ಬರೀಲಿ. ಯಾರಿಗೆ ಹೆಚ್ಚು ಪತ್ರ ಬರುತ್ತೋ ಅವರು ಉಳೀತಾರೆ.”

ತಂಗಿ ನಕ್ಕಳು. ಅಕ್ಕನಿಗೆ ನಗು ಬರಲಿಲ್ಲ. ಹೆಸರು ಅಚ್ಚಾಗುವ ಆ ಒಂದು ಜಾಗವನ್ನು ಬಿಟ್ಟರೆ ಅವಳು ಬರೀ ಬೇರೆಯವರ ತಪ್ಪು ಹುಡುಕುವವಳು, ಅಷ್ಟೇ. ಅದನ್ನೂ ಈ ಚಿಕ್ಕವಳು ಕಿತ್ತುಕೊಳ್ಳುತ್ತಾಳೆಂದರೆ ಹೇಗೆ ಸಹಿಸುವುದು?

ಬಸ್ಸಿಳಿದು ಅರ್ಧ ಗಂಟೆ ಹತ್ತಿದರೆ ಬಂಗಲೆ. ಮ್ಯಾನೇಜರು ಬೀಗದ ಕೈ ಗೊಂಚಲು ಅಲ್ಲಾಡಿಸುತ್ತ, ಪಾಠ ಒಪ್ಪಿಸುವಂತೆ ಕಥೆ ಹೇಳಿದ. ಮೊದಲ ಮಾಲೀಕನ ಮನೆಗೆ ನೆಂಟನಾಗಿ ಬಂದ ಭಾವಮೈದುನ ತಿಂಗಳಾದರೂ ಹೊರಡಲಿಲ್ಲವಂತೆ.

“ಎಷ್ಟೋ ಮನೇಲಿ ಹೊರಡಲ್ಲ ಬಿಡಿ,” ಎಂದಳು ಅಕ್ಕ.

ಒಂದು ದಿನ ಆತ ಕಾಣೆಯಾದನಂತೆ. ಅದೇ ವಾರ ಏಳನೇ ನಂಬರ್ ಕೋಣೆಯ ಗೋಡೆಗೆ ಹೊಸ ಗಾರೆ ಬಿತ್ತಂತೆ. ಹೆಣ ಇವತ್ತಿಗೂ ಗೋಡೆಯೊಳಗೇ ಇದೆಯಂತೆ, ಗಾಳಿ ಎದ್ದಾಗ ಹೊರಗೆ ಬಿಡಿ ಎಂದು ಬಡಿಯುತ್ತದಂತೆ.

“ಆ ಕೋಣೆಗೆ ಬಾಡಿಗೆ ಎಷ್ಟು?”

“ಉಳಿದವುಗಳ ಎರಡರಷ್ಟು, ಮೇಡಂ.”

“ಒಳಗಿರೋನು ಅರ್ಧ ಕೊಡ್ತಾನಾ?”

ಮ್ಯಾನೇಜರು ನಗಲಿಲ್ಲ. ಬಾಗಿಲು ತೆಗೆದ ಕೂಡಲೇ ನಿಜವಾಗಿಯೂ ಟಕ್ ಟಕ್ ಸದ್ದು ಬಂತು, ತಂಗಿ ಎರಡು ಹೆಜ್ಜೆ ಹಿಂದೆ ಸರಿದಳು. ಅಕ್ಕ ನೇರ ಒಳಗೆ ಹೋಗಿ, ಗೋಡೆಯ ಪಕ್ಕದ ಕಿಟಕಿಯನ್ನು ನೋಡಿ, ಕೈಚೀಲದಿಂದ ಬಸ್ ಟಿಕೆಟ್ ತೆಗೆದು ನಾಲ್ಕು ಮಡಿಕೆ ಮಾಡಿ ಚೌಕಟ್ಟಿನ ಸಂದಿಗೆ ತುರುಕಿದಳು. ಭಾವಮೈದುನ ಸುಮ್ಮನಾದ.

“ಅಯ್ಯೋ ಮೇಡಂ, ದಯವಿಟ್ಟು ತೆಗೀರಿ,” ಎಂದ ಮ್ಯಾನೇಜರು, ದನಿ ತಗ್ಗಿಸಿ. “ನಮ್ಮ ವ್ಯಾಪಾರ ನಿಂತಿರೋದೇ ಅದರ ಮೇಲೆ.”

ನಾಲ್ಕು ಗಂಟೆಗೆ ಜಗಲಿಯಲ್ಲಿ ಚಹಾ ಕುಡಿಯುವಾಗ ತಂಗಿ ಬಟ್ಟಲು ಕೆಳಗಿಟ್ಟು ಅಕ್ಕನ ಹತ್ತಿರಕ್ಕೆ ಸರಿದಳು.

“ಅಕ್ಕಾ, ಒಂದು ಮಾತು. ಯಾರಿಗೂ ಹೇಳಬೇಡ. ಮೂರು ವರ್ಷದಲ್ಲಿ ಒಂದೇ ಒಂದು ದೆವ್ವದ ಕೋಣೇಲೂ ನಾನು ಮಲಗಿಲ್ಲ ಕಣೇ. ಎಲ್ಲಾ ಕಡೆ ಸ್ವಾಗತದ ಸೋಫಾ ಮೇಲೆ ದೀಪ ಹಾಕ್ಕೊಂಡು ಕೂತಿರ್ತೀನಿ. ನನಗೆ ಎಷ್ಟು ಹೆದರಿಕೆ ಅಂತ ನಿನಗೆ ಗೊತ್ತಲ್ಲ. ಇವತ್ತು ಏಳನೇ ನಂಬರಲ್ಲಿ ನನ್ನ ಜೊತೆ ಇರ್ತೀಯಾ? ಒಂದು ಸಲನಾದ್ರೂ ನಿಜವಾಗಿ ಮಲಗಿ ಬರೀಬೇಕು.”

ಅಕ್ಕನಿಗೆ ಮೊದಲು ಆದದ್ದು ಸಂತೋಷ, ಅದೂ ಹಾಲು ಕುಡಿದಷ್ಟು ಸಂತೋಷ. ಸಿಕ್ಕಿಬಿದ್ದಳು ಕಳ್ಳಿ! ಮರುಗಳಿಗೆಯೇ ಅದು ಇಂಗಿಹೋಯಿತು. ಸೋಫಾ ಮೇಲೆ ಕೂತೇ ಇಷ್ಟು ಚೆನ್ನಾಗಿ ಬರೆಯುತ್ತಾಳಲ್ಲ! ನಾನು ಟ್ಯೂಬು ಕತ್ತರಿಸಿ, ರಬ್ಬರು ಎಳೆದು, ಎಲ್ಲ ಮಾಡಿ ನೋಡಿ ಬರೆದರೂ ಎರಡು ಪತ್ರ. ಈ ಪುಕ್ಕಲಿ ಸುಳ್ಳು ಬರೆದರೆ ಮೂಟೆ. ಕಿಚ್ಚು ಕಡಿಮೆಯಾಗುವ ಬದಲು ಹೆಚ್ಚಾಯಿತು.

ಆದರೂ ಆ ದಿನ ಅದೇ ಕೋಣೆಯಲ್ಲಿ ಮಲಗಿದಳು. ಚಿಕ್ಕವಳಾಗಿದ್ದಾಗಿನಂತೆ ತಂಗಿ ಅವಳ ಕಿರುಬೆರಳು ಹಿಡಿದುಕೊಂಡು, ಬೆಳಕು ಹರಿಯುವವರೆಗೂ ನಿದ್ದೆ ಮಾಡಿದಳು.

ಮಂಗಳವಾರ ಮಧ್ಯಾಹ್ನ ಹದಿನೇಳನೇ ಪುಟದ ಕರಡು ಅಕ್ಕನ ಮೇಜಿಗೆ ಬಂತು, ಜೊತೆಗೆ ತಂಗಿಯ ಕೈಬರಹದ ಪ್ರತಿ. ಟೈಪು ಮಾಡಿದ್ದನ್ನು ಮೂಲದ ಜೊತೆ ಹೋಲಿಸಿ ನೋಡುವುದು ಪದ್ಧತಿ. ಅಕ್ಕ ಲೇಖನದಿಂದಲೇ ಶುರುಮಾಡಿದಳು. ಎರಡನೇ ಸಾಲಿಗೇ ಕಣ್ಣು ನಿಂತಿತು: ‘ಆ ಕೋಣೆಯಲ್ಲಿ ನಾನು ಒಬ್ಬಳೇ ಮಲಗಿದೆ.’

ಒಬ್ಬಳೇ! ಹಾಗಾದರೆ ಪಕ್ಕದಲ್ಲಿದ್ದವಳು ಯಾರು, ಭಾವಮೈದುನನೇ? ಕಿರುಬೆರಳು ಇನ್ನೂ ನೋಯುತ್ತಿತ್ತು ಅವಳಿಗೆ.

ಸಿಟ್ಟಿನಲ್ಲೇ ತಲೆಬರಹ ನೋಡಿದಳು. ತಂಗಿ ಬರೆದಿದ್ದು ‘ಗೋಡೆಯೊಳಗಿನ ಹೆಣ’. ಅದರಲ್ಲಿ ಅನುಮಾನಕ್ಕೆ ಎಡೆಯಿರಲಿಲ್ಲ. ಚಿಕ್ಕಂದಿನಲ್ಲಿ ಕಾಗುಣಿತ ಬರೆಯುವಾಗ ತಂಗಿ ಎಲ್ಲ ಕಡೆಯೂ ಎತ್ವ ಬಿಡುತ್ತಿದ್ದಳು. ಅಕ್ಕ ಸ್ಲೇಟಿನ ಮೇಲೆ ಕೈಹಿಡಿದು ತಿದ್ದಿಸಿ, ಮರೆತರೆ ತಲೆಗೊಂದು ಮೊಟಕಿ ಕಲಿಸಿದ್ದಳು. ಅಂದಿನಿಂದ ಅವಳು ಎತ್ವವನ್ನು ಕೊಡೆಯ ಹಿಡಿಯಷ್ಟು ದೊಡ್ಡದಾಗಿ ಬರೆಯುತ್ತಾಳೆ. ಟೈಪು ಮಾಡಿದವರು ಅದನ್ನೇ ನುಂಗಿದ್ದರು. ಕರಡಿನಲ್ಲಿ ‘ಗೋಡೆಯೊಳಗಿನ ಹಣ’ ಎಂದಿತ್ತು.

ಕೆಂಪು ಪೆನ್ನು ಕೈಯಲ್ಲೇ ಇತ್ತು. ಒಂದು ಗೀಚು ಸಾಕಿತ್ತು. ಅಕ್ಕ ಪೆನ್ನಿನ ಮುಚ್ಚಳ ಹಾಕಿದಳು. ಹೆಣ ಇದ್ದಲ್ಲಿ ಹಣ ಬಂದರೆ ಓದುಗರು ಬಿದ್ದು ಬಿದ್ದು ನಗುತ್ತಾರೆ, ನಗಲಿ. ಒಬ್ಬಳೇ ಮಲಗಿದವಳು ನಗೆಪಾಟಲನ್ನೂ ಒಬ್ಬಳೇ ಅನುಭವಿಸಲಿ. ಪುಟದ ಮೂಲೆಗೆ ‘ಸರಿ’ ಎಂದು ಬರೆದು ಸಹಿ ಹಾಕಿ, ಕೈಬರಹದ ಪ್ರತಿಯನ್ನು ಡ್ರಾಯರಿಗೆ ಸೇರಿಸಿದಳು. ಹನ್ನೊಂದು ವರ್ಷದಲ್ಲಿ ಅವಳು ಕಂಡೂ ಬಿಟ್ಟ ತಪ್ಪು ಅದೊಂದೇ.

ಯಾರೂ ನಗಲಿಲ್ಲ. ತಂಗಿಯ ಪುಕ್ಕಲುತನ ಎಷ್ಟೆಂದರೆ ಹೆಣ ಎಂಬ ಪದವನ್ನು ಎರಡನೇ ಸಲ ಬರೆಯಲೂ ಹೆದರಿ, ಲೇಖನದುದ್ದಕ್ಕೂ ‘ಅದು’ ಎಂದೇ ಬರೆದಿದ್ದಳು. ‘ಮಾಲೀಕ ಅದನ್ನು ಗೋಡೆಯೊಳಗಿಟ್ಟು ಗಾರೆ ಮಾಡಿಸಿದ. ಅದು ಇಂದಿಗೂ ಅಲ್ಲೇ ಇದೆ. ಹೊರತೆಗೆಯುವ ಧೈರ್ಯ ಯಾರಿಗೂ ಬಂದಿಲ್ಲ.’ ತಲೆಬರಹದಲ್ಲಿ ಹಣ ಎಂದಿದ್ದರೆ ಓದುವವರಿಗೆ ಧೈರ್ಯ ಬಾರದೆ ಇರುತ್ತದೆಯೇ?

ಸಂಚಿಕೆ ಹೊರಬಂದ ಮೇಲಿನ ಗುರುವಾರ ತಂಗಿಯ ಪತ್ರಗಳು ರಬ್ಬರ್ ಬ್ಯಾಂಡಿಗೆ ಬಗ್ಗದೆ ಚೀಲದಲ್ಲಿ ಬಂದವು. ಯಾವ ಬಸ್ಸು? ಯಾವ ಗೋಡೆ? ಎಡವೋ ಬಲವೋ? ಅಕ್ಕನಿಗೆ ಬಂದವು ಮೂರು. ಮಾಡಿದ ಕೆಟ್ಟದ್ದೂ ಇವಳಿಗೆ ಒಳ್ಳೆಯದೇ ಆಗುತ್ತದಲ್ಲ ಎಂದು ಅವಳಿಗೆ ಊಟ ಸೇರಲಿಲ್ಲ.

ಮುಂದಿನ ವಾರ ಮ್ಯಾನೇಜರು ಖುದ್ದಾಗಿ ಕಚೇರಿಗೇ ಬಂದ, ಅಂಗಿಯ ಮೇಲೆಲ್ಲ ಸುಣ್ಣದ ಪುಡಿ. ಕೋಣೆಗೆ ಬಂದವರೆಲ್ಲ ಚಮಚ, ಚಾಕು, ಕೊನೆಗೆ ಕ್ಷೌರದ ಪೆಟ್ಟಿಗೆಯ ಕತ್ತರಿ ಹಿಡಿದು ಗೋಡೆ ಕೆರೆದಿದ್ದರಂತೆ. ಒಂದು ಸಂಸಾರ ಸುತ್ತಿಗೆಯನ್ನೇ ಬಟ್ಟೆಯಲ್ಲಿ ಸುತ್ತಿ ತಂದಿತ್ತಂತೆ.

“ಗೋಡೇಲಿ ತಲೆ ತೂರುವಷ್ಟು ದೊಡ್ಡ ತೂತಾಗಿದೆ ಸರ್. ಒಳಗೆ ಹಣಾನೂ ಇಲ್ಲ, ಹೆಣಾನೂ ಇಲ್ಲ, ಬರೀ ಇಟ್ಟಿಗೆ. ಇನ್ನು ಯಾವ ದೆವ್ವ ತೋರಿಸಿ ಬದುಕಲಿ?”

ಸಂಪಾದಕರ ಮುಖ ಕೆಂಪಾಯಿತು. “ಈ ಎತ್ವ ನುಂಗಿದ್ದು ಯಾರು? ಕರಡು ನೋಡಿದ್ದು ಯಾರು?”

ಅಷ್ಟರಲ್ಲಿ ತಂಗಿ ಎದ್ದು ನಿಂತಳು.

“ನಂದೇ ತಪ್ಪು ಸರ್. ನಾನು ಬರೆದದ್ದೇ ಹಾಗೆ. ಚಿಕ್ಕವಳಿಂದ್ಲೂ ಎತ್ವ ಮರೆಯೋ ಚಾಳಿ ನನಗೆ. ಅಕ್ಕ ಮೂಲದ ಪ್ರಕಾರವೇ ಬಿಟ್ಟಿದ್ದಾರೆ.”

ಅಲ್ಲಿಗೆ ತೀರ್ಮಾನವಾಯಿತು. ಹದಿನೇಳನೇ ಪುಟ ನಿಂತಿತು, ಹದಿನಾರು ಉಳಿಯಿತು. ಅಕ್ಕ ಬೇಡಿಕೊಂಡಿದ್ದು ಅದನ್ನೇ.

ಮೆಟ್ಟಿಲ ಹತ್ತಿರ ಅವಳು ತಂಗಿಯ ಕೈಹಿಡಿದು ನಿಲ್ಲಿಸಿದಳು. “ಯಾಕೆ ಹಾಗಂದೆ?”

“ಹನ್ನೊಂದು ವರ್ಷದಲ್ಲಿ ನಿನ್ನ ಕಣ್ಣಿಂದ ಒಂದು ಒತ್ತೂ ತಪ್ಪಿಸಿಕೊಂಡಿಲ್ಲ. ಇದೊಂದನ್ನ ಬಿಟ್ಟಿದ್ದೀಯ ಅಂದ್ರೆ ನಾನೇ ಏನೋ ಮಾಡಿರಬೇಕು,” ಎಂದಳು ತಂಗಿ. “ಒಬ್ಬಳೇ ಅಂತ ಬರೆದೆ, ಅಲ್ವಾ? ನೀನಿದ್ದೆ ಅಂತ ಬರೆದ್ರೆ ಓದೋರಿಗೆ ಹೆದರಿಕೆಯೇ ಆಗ್ತಿರಲಿಲ್ಲ ಅಕ್ಕಾ. ನನಗೇ ಆಗಲಿಲ್ಲವಲ್ಲ.”

ಅಕ್ಕ ತನ್ನ ಮೇಜಿಗೆ ಬಂದು ಕೂತಳು. ಅವಳಿಗೆ ತಂಗಿಯ ಪ್ರವಾಸದ ಮೇಲೆ, ಪತ್ರದ ಮೂಟೆಯ ಮೇಲೆ ಹೊಟ್ಟೆ ಉರಿದಿತ್ತು ನಿಜ. ಆದರೆ ಆ ಪುಕ್ಕಲಿ ಎಲ್ಲರೆದುರು ಎದ್ದು ನಿಂತು ಹೇಳಿದ ಸುಳ್ಳಿನ ಮೇಲೆ ಉರಿದಷ್ಟು ಯಾವುದರ ಮೇಲೂ ಉರಿದಿರಲಿಲ್ಲ. ಅದು ನನ್ನಿಂದ ಆಗುತ್ತಿತ್ತೇ? ಇಷ್ಟೊಂದು ದೊಡ್ಡತನವನ್ನು ಅವಳೊಬ್ಬಳಿಗೇ ಬಿಟ್ಟುಕೊಡುವುದೇ? ಡ್ರಾಯರು ಎಳೆದು, ಕೊಡೆಹಿಡಿಯಂಥ ಎತ್ವವಿದ್ದ ಆ ಹಾಳೆಯನ್ನು ಸಂಪಾದಕರ ಮುಂದೆ ಇಟ್ಟುಬಂದಳು.

ಮುಂದಿನ ಸಂಚಿಕೆಯ ತಿದ್ದುಪಡಿಯನ್ನು ಅವಳೇ ಬರೆದಳು: ‘ಗೋಡೆಯೊಳಗಿನ ಹೆಣ ಎಂದು ಇರಬೇಕಾದಲ್ಲಿ ಹಣ ಎಂದು ಅಚ್ಚಾಗಿದೆ. ಲೇಖಕಿ ಸರಿಯಾಗಿಯೇ ಬರೆದಿದ್ದರು. ಕರಡು ತಿದ್ದಿದವಳು ತಪ್ಪನ್ನು ಕಂಡೂ ಹೊಟ್ಟೆಕಿಚ್ಚಿನಿಂದ ಬಿಟ್ಟಳು.’ ಕೆಳಗೆ ಹೆಸರು, ದಪ್ಪ ಅಕ್ಷರದಲ್ಲಿ. ಅವಳ ಹೆಸರು ಆ ಪತ್ರಿಕೆಯಲ್ಲಿ ಅಚ್ಚಾದದ್ದು ಅದೇ ಕೊನೆ. ‘ಹಣ ಉಳಿಸಿ’ ನಿಂತಿತು, ದೆವ್ವ ಮರಳಿ ಬಂತು. ಕರಡಿನ ಕೆಲಸ ಮಾತ್ರ ಉಳಿಯಿತು. “ಕಣ್ಣು ಸರಿಯಾಗೇ ಇದೆ, ಕೆಟ್ಟಿದ್ದು ಬುದ್ಧಿ,” ಎಂದರಂತೆ ಸಂಪಾದಕರು.

ಗುರುವಾರ ಅಕ್ಕನ ಮೇಜಿನ ಮೇಲೆ ಒಂದು ಕಟ್ಟು ಬಂದು ಬಿತ್ತು. ರಬ್ಬರ್ ಬ್ಯಾಂಡ್ ಒಂದು ಸುತ್ತಿಗೂ ಸಾಲದೆ ಹುರಿ ಕಟ್ಟಿದ್ದರು. ಬಿಚ್ಚಿ ನೋಡಿದರೆ ಎಲ್ಲ ಅವಳಿಗೇ, ಎಲ್ಲ ಬೈಗುಳ. ಒಂದಿಬ್ಬರು ಬಸ್ ಚಾರ್ಜನ್ನೂ ವಾಪಸ್ ಕೇಳಿದ್ದರು.

ತಂಗಿ ತನ್ನ ನಾಲ್ಕು ಪತ್ರಗಳನ್ನು ಹಿಡಿದು ಬಂದು, ಆ ಕಟ್ಟನ್ನು ಒಂದು ಸಲ, ತನ್ನ ಕೈಯನ್ನು ಒಂದು ಸಲ ನೋಡಿದಳು. ಕುರ್ಚಿ ಎಳೆದುಕೊಂಡು ಅಕ್ಕನ ಪಕ್ಕ ಕೂತಳು.

“ಇಷ್ಟೊಂದಾ? ಹೊಟ್ಟೆ ಉರೀತಿದೆ ಅಕ್ಕಾ ನನಗೆ,” ಎಂದಳು. “ಅರ್ಧ ಇಲ್ಲಿ ಕೊಡು, ಓದಿ ಹೇಳ್ತೀನಿ.”