ಮೊಮ್ಮಗಳ ಎರಡು ಕೈಗಳು

ನನ್ನ ಮೊಮ್ಮಗಳ ಕೈಗಳನ್ನು ನೀವು ನೋಡಬೇಕಿತ್ತು! ಅಡ್ಯಾರಿನ ಮನೆಗೆ ಮಗ ಕಂಪ್ಯೂಟರ್ ತಂದ ವರ್ಷದ ಬೇಸಿಗೆ ರಜೆ ಅದು. ಮಕ್ಕಳು ಇಬ್ಬರು, ಕುರ್ಚಿ ಒಂದೇ. ಅವತ್ತು ಅವಳ ಅಣ್ಣ ಪಂದ್ಯ ಕಟ್ಟಿದ್ದ. ನಾನು ಊಟಕ್ಕೆ ತಟ್ಟೆ ಹಾಕುವುದರೊಳಗೆ ಅವಳು ಆಟದ ಕೊನೆಯ ರಾಕ್ಷಸನನ್ನು ಕೊಂದರೆ ಮಧ್ಯಾಹ್ನದ ಕುರ್ಚಿ ಅವಳದು. ಇಲ್ಲದಿದ್ದರೆ ರಜೆ ಮುಗಿಯುವವರೆಗೂ ಅವನದೇ.

"ಉನ್ನಾಲ ಮುಡಿಯಾದು ಡೀ," ಎಂದು ಅಣಕಿಸಿದ. ನಿನ್ನ ಕೈಲಾಗಲ್ಲ ಕಣೇ, ಅಂತ. ನಮ್ಮದು ಮೈಸೂರು ಕಡೆಯ ಕನ್ನಡವಾದರೂ ತಮಿಳರ ನಡುವೆ ಬೆಳೆದ ಈ ಮಕ್ಕಳ ಜಗಳವೆಲ್ಲ ತಮಿಳಿನಲ್ಲೇ.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಆಟದ ತಲೆಬುಡ ಎಲ್ಲಿ ತಿಳಿಯಬೇಕು? ಪರದೆಯ ಆಚೆ ಬೆಂಕಿಯುಂಡೆ ಉಗುಳುವ ರಾಕ್ಷಸ, ಈಚೆ ನಮ್ಮ ಹುಡುಗಿಯ ಬಂದೂಕು. ಜೀವ ತಡೆಯದೆ ಸೌಟು ಹಿಡಿದು ಬಂದು ಕೂಗಿದೆ: "ಕಂಬದ ಹಿಂದೆ ಬಚ್ಚಿಟ್ಕೊಳ್ಳೇ!"

ಪಾಪ, ಬಚ್ಚಿಟ್ಟುಕೊಂಡಳು. ರಾಕ್ಷಸ ಅವಳನ್ನು ಕಂಬದ ಸಮೇತ ಸುಟ್ಟುಬಿಟ್ಟ.

"ಅಯ್ಯೋ ಅಜ್ಜೀ! ಇದ್ರಲ್ಲಿ ನಿಂತ್ರೆ ಕಥೆ ಮುಗೀತು. ಓಡ್ತಾನೇ ಶೂಟ್ ಮಾಡ್ಬೇಕು. ಚುಮ್ಮಾ ಇರು!"

"ಅಜ್ಜಿ ನನ್ನ ಪಾರ್ಟಿ," ಎಂದು ಅಣ್ಣ ನಕ್ಕ.

ಸುಮ್ಮನಿರು ಎಂದಳಲ್ಲ, ನಾನು ಸೌಟು ಇಳಿಸಿದೆ. ಪರದೆ ಬಿಟ್ಟು ಅವಳ ಕೈ ನೋಡಿದೆ. ಆಹಾ! ಎಡಗೈ ಬೆರಳುಗಳು ಕೀಲಿಗಳ ಮೇಲೆ ಕುಣಿದರೆ ಆಟದ ಕಾಲು ಓಡುತ್ತದೆ. ಬಲಗೈ ಮೌಸನ್ನು ಒಂದಿಷ್ಟೇ ಸರಿಸಿ ಗುರಿ ಹಿಡಿಯುತ್ತದೆ. ಒರಳಿನಲ್ಲಿ ರುಬ್ಬುವ ಕೆಲಸವೇ ಸರಿ. ಬಲಗೈ ಗುಂಡುಕಲ್ಲು ತಿರುಗಿಸುತ್ತಿರುವಾಗ ಎಡಗೈ ಹಿಟ್ಟು ತಳ್ಳುತ್ತಿರಬೇಕು, ಒಂದು ಕೈ ತಡವಾದರೆ ಬೆರಳು ಜಜ್ಜಿಹೋಗುತ್ತದೆ. ನನಗೆ ಅದು ಕೈಗೆ ಹತ್ತಲು ವರ್ಷಗಳೇ ಹಿಡಿದವು. ಈ ಪುಟ್ಟಿ ಒಂದು ರಜೆಯಲ್ಲಿ ಕಲಿತಿದ್ದಳಲ್ಲ!

"ಅಜ್ಜಿ, ತಟ್ಟೆ ಹಾಕು. ಹಸಿವು," ಎಂದ ಕಳ್ಳ.

"ಸಾರು ಕುದೀಲಿ ಇರೋ," ಎಂದೆ. ಸಾರು ನೊರೆ ಕಟ್ಟಿದ ಕೂಡಲೇ ಇಳಿಸಬೇಕು, ಕುದಿಸಿದರೆ ಕೆಟ್ಟಿತು. ಕೆಡಲಿ! ಅವಳನ್ನು ಸುಡಿಸಿದವಳು ನಾನೇ ತಾನೆ?

ಅವಳು ಮತ್ತೆ ಆಟಕ್ಕೆ ಇಳಿದಳು. ಬೀಚಿನ ಏಡಿಯ ಹಾಗೆ ಅಡ್ಡಡ್ಡ ಸರಿಯುತ್ತ ರಾಕ್ಷಸನ ಸುತ್ತ ತಿರುಗಿದಳು. ಒಮ್ಮೆಯೂ ಬೆನ್ನು ಕೊಡಲಿಲ್ಲ. ಬಂದೂಕು ಬರಿದಾಯಿತು. ಅವಳು ಬೆದರಲಿಲ್ಲ. ಗುಂಡು ತುಂಬಿಕೊಳ್ಳುವವರೆಗೂ ಬೆಂಕಿಯುಂಡೆಗಳ ನಡುವೆ ನುಸುಳುತ್ತಲೇ ಇದ್ದಳು.

"ಅಲ್ಲೆಲ್ಲೋ ಹೊಡೀತೀಯಲ್ಲೇ!" ಎಂದ ಅಣ್ಣ.

"ಅವನು ಇರೋ ಕಡೆ ಅಲ್ಲ, ಹೋಗೋ ಕಡೆ ಹೊಡೀಬೇಕು," ಎಂದಳು, ಕಣ್ಣು ಮಿಟುಕಿಸದೆ.

ರಾಕ್ಷಸ ನೇರ ಆ ಗುಂಡಿನ ದಾರಿಗೇ ಓಡಿಬಂದು ಬಿದ್ದ!

ನಾನು ಕಿರುಚಿದ ಕಿರುಚಿಗೆ ಪಕ್ಕದ ಮನೆಯ ಮಾಮಿ ಏನಾಯಿತೋ ಎಂದು ಗಾಬರಿಯಾಗಿ "ಎನ್ನಾಚ್ಚು?" ಎನ್ನುತ್ತ ಓಡಿಬಂದರು. "ನನ್ನ ಮೊಮ್ಮಗಳು ರಾಕ್ಷಸನ್ನ ಕೊಂದಳು!" ಎಂದೆ.

ಊಟಕ್ಕೆ ಕೂತರೂ ಅವಳ ಬೆರಳುಗಳು ಕೀಲಿ ಒತ್ತುವ ಹಾಗೆ ಆಡುತ್ತಲೇ ಇದ್ದವು. ನಾನೇ ಕಲಸಿ ತುತ್ತಿಟ್ಟೆ. ಅಣ್ಣ ಮುಖ ಊದಿಸಿಕೊಂಡೇ ಎರಡು ತುತ್ತು ಉಂಡ. ಆಮೇಲೆ ಮೆಲ್ಲಗೆ, "ಹೇಗೇ ಸುತ್ತಿದೆ?" ಎಂದ.

ಅವಳು ಬಾಯ್ತುಂಬ ಅನ್ನ ಇಟ್ಟುಕೊಂಡೇ ಎಡಗೈಯನ್ನು ನೆಲದ ಮೇಲೆ ಆಡಿಸಿ ತೋರಿಸಿದಳು. ಅವನು ಎಂಜಲು ಕೈಯನ್ನು ತಟ್ಟೆಯಲ್ಲಿಟ್ಟು, ತನ್ನ ಎಡಗೈಯಲ್ಲೂ ಹಾಗೆಯೇ ಆಡಿಸಿ ನೋಡಿದ.